ಹತ್ತು ಸಾವಿರ ಸಲ ಕಲಸಿದ ಚೀಟಿಗಳು

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಮೂಡಬಿದಿರೆಯಲ್ಲಿ ನಮ್ಮ ನೆರೆಮನೆಯ ಜಗಲಿ. ಹಾಜರಿದ್ದವರು ಮೂವರು: ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ, ಆ ಮನೆಯ ಟೀಚರ್, ನಿವೃತ್ತ ದೈಹಿಕ ಶಿಕ್ಷಕನಾದ ನಾನು, ವಿಟ್ಲದಿಂದ ಬಂದ ಕೋಣಗಳ ಯಜಮಾನರು. ಟೀಚರ್ ಬೆರಳುಗಳು ಸಂಧಿವಾತದಿಂದ ಬಾಗಿದ್ದವು. ಆ ಬೆರಳುಗಳಿಂದಲೇ ಅವರು ಸ್ಟೀಲಿನ ಪಾತ್ರೆಯಲ್ಲಿ ಚೀಟಿಗಳನ್ನು ಚುರುಮುರಿ ಕಲಸಿದ ಹಾಗೆ ಕಲಸುತ್ತಿದ್ದರು.

ಹಿಂದಿನ ವಾರ ಒಂದು ಸಣ್ಣ ಕಂಬಳ. ಕೋಣಗಳು ಓಡುವ ಎರಡು ಕೆಸರುದಾರಿಗಳಲ್ಲಿ, ಅಂದರೆ ಕರೆಗಳಲ್ಲಿ, ಮೂಡು ಕರೆಯ ಸ್ಟಾಪ್‌ವಾಚ್ ನನ್ನ ಕೈಯಲ್ಲಿತ್ತು. ಅಲ್ಲಿ ಓಡಿದ ಜೋಡಿಗಳ ಸರಾಸರಿ ಸಮಯ ಕಡಿಮೆ ಬಂದಿತ್ತು. ಇನ್ನೊಂದು ಕರೆಯಲ್ಲಿ ಸೋತ ಈ ಯಜಮಾನರು ಸಮಿತಿಯ ಎದುರೇ, "ಮಾಸ್ಟ್ರ ಹೆಬ್ಬೆರಳು ಬೇಕಾದವರಿಗೆ ಬೇಗ ಬೀಳ್ತದೆ" ಎಂದುಬಿಟ್ಟರು. ಬದುಕಿಡೀ ಸೀಟಿ ಊದಿ ಶಿಸ್ತು ಕಲಿಸಿದ ನನಗೆ ಅನ್ನ ಸೇರಲಿಲ್ಲ. ಟೀಚರ್ ಲೆಕ್ಕ ಹಾಕಿ ಹೇಳಲಿ ಎಂದು ಇಬ್ಬರೂ ಒಪ್ಪಿದೆವು.

ಯಾವ ಪಾಠಕ್ಕೂ ಅವರದು ಒಂದೇ ಕ್ರಮ. "ಮೊದಲು ಕೈಯಲ್ಲಿ ಮಾಡುವ. ಕಂಪ್ಯೂಟರಿಗೆ ಮತ್ತೆ ಹೇಳುವ." ಒಂದೊಂದು ಓಟದ ಸಮಯಕ್ಕೆ ಒಂದೊಂದು ಚೀಟಿ, ಕರೆಯ ಹೆಸರಿಲ್ಲ. ಯಜಮಾನರು ಕಣ್ಣುಮುಚ್ಚಿ ಎರಡು ಪಾಲು ಮಾಡಿದರು. ಸರಾಸರಿ ತೆಗೆದರೆ, ಕಂಬಳದಲ್ಲಿ ಬಂದದ್ದಕ್ಕಿಂತಲೂ ಹೆಚ್ಚಿನ ವ್ಯತ್ಯಾಸ!

"ಈಗ ಯಾರ ಹೆಬ್ಬೆರಳು ಯಜಮಾನ್ರೇ?"

"ಎಂತ ಟೀಚರ್, ನಾನು ಕಣ್ಣೇ ಬಿಡ್ಲಿಲ್ಲ!"

"ಯಾರೂ ಮೋಸ ಮಾಡದೆಯೂ ಬರ್ತದೆ. ಎಷ್ಟು ಸಲ ಬರ್ತದೆ, ಅದನ್ನು ನೋಡುವ."

ಲ್ಯಾಪ್‌ಟಾಪಿನಲ್ಲಿ ಕಂಬಳದ ಪಟ್ಟಿಯ ಎಲ್ಲ ಸಮಯ ತುಂಬಿಸಿ, ನಾಲ್ಕು ಸಾಲು ಬರೆದು, ಅದೇ ಕಲಸುವಿಕೆಯನ್ನು ಹತ್ತು ಸಾವಿರ ಸಲ ಮಾಡಿಸಿದರು. ನಾನು ಚಾದ ಲೋಟ ಕೆಳಗಿಡುವಷ್ಟರಲ್ಲಿ ಪರದೆಯಲ್ಲಿ ಆ ವ್ಯತ್ಯಾಸಗಳೆಲ್ಲ ರಾಶಿ ಬಿದ್ದು ಒಂದು ಗುಡ್ಡ ಎದ್ದಿತು. ಎಂದೂ ನಡೆಯದ ಹತ್ತು ಸಾವಿರ ಕಂಬಳಗಳು! ನಮ್ಮ ಕಂಬಳದ ಕೆಂಪು ಗೆರೆ ಆ ಗುಡ್ಡದ ಹೊಟ್ಟೆಯೊಳಗೇ ಇತ್ತು. ಅಷ್ಟು ವ್ಯತ್ಯಾಸ ಸುಮ್ಮನೆ ಕಲಸಿದರೂ ಎಷ್ಟೋ ಸಲ ಬರುತ್ತಿತ್ತು.

"ಹಾಗಾದ್ರೆ ನಾನು ಪ್ರಾಮಾಣಿಕ ಅಂತ ಬರೆದು ಕೊಡಿ" ಎಂದೆ.

"ಅದು ಇದಕ್ಕೆ ಗೊತ್ತಿಲ್ಲ ಮಾಸ್ಟ್ರೇ. ಸಂಶಯಪಡಲಿಕ್ಕೆ ಈ ಅಂಕಿ ಸಾಲದು. ಅಷ್ಟೇ ಉಂಟು."

ಯಜಮಾನರು "ನೋಡುವ" ಎಂದಷ್ಟೇ ಹೇಳಿ ಬಸ್ಸಿಗೆ ಹೋದರು.

ಚೀಟಿ ಎಣಿಸುವಾಗ ಒಂದು ಪಾಲಿನಲ್ಲಿ ಒಂದು ಕಡಿಮೆ. ನನ್ನ ಕುರ್ಚಿಯಡಿ ಬಿದ್ದಿತ್ತು. ಅದನ್ನು ಸೇರಿಸಿ ಲೆಕ್ಕ ಹಾಕಿದರೆ, ಯಜಮಾನರು ಮಾಡಿದ ಪಾಲುಗಳ ವ್ಯತ್ಯಾಸ ಕಂಬಳದಷ್ಟಿರಲಿಲ್ಲ. ನಾನು ಬೇಗ ಹೇಳಿದೆ:

"ಕಂಪ್ಯೂಟರಿನದು ಸರಿ ಉಂಟಲ್ಲ ಟೀಚರ್, ಬಿಡಿ."

"ಅವರು ಕಣ್ಣಾರೆ ನೋಡಿದ್ದು ಚೀಟಿಯನ್ನು" ಎಂದು ಟೀಚರ್ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟರು.

ಬಸ್ಸಿನ ಸದ್ದಿನ ನಡುವೆ ಯಜಮಾನರು ಹೇಳಿದರು: "ಇದನ್ನೂ ಹೇಳ್ತೀರಲ್ಲ ಮಾರಾಯ್ರೆ! ಇನ್ನು ನಿಮ್ಮ ಗುಡ್ಡವನ್ನೂ ನಂಬ್ತೇನೆ. ವಾಚು ಮಾಸ್ಟ್ರೇ ಹಿಡಿಯಲಿ."

ಟೀಚರ್ ಈಗಿಲ್ಲ. ವಾಚು ಇಂದಿಗೂ ನನ್ನ ಕೈಯಲ್ಲಿರುವುದು ಆ ಒಂದು ಫೋನಿನಿಂದ. ಅಂದು ಅವರು ಫೋನ್ ಇಟ್ಟು, ಬಾಗಿದ ಬೆರಳುಗಳಿಂದ ಪಾತ್ರೆ ತೊಳೆದು, ಕವುಚಿ ಹಾಕಿದರು. ಆ ದಿನದ ಕೆಲಸ ಮುಗಿಯಿತು.