ಲೋಕೇಶನ ಎಡೆ

ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಬ್ರಾಂದಿ ಶೀಸೆ. ಎದುರಿಗೆ ಹಾರ ಹಾಕಿದ ಫೋಟೋ. ಫೋಟೋದಲ್ಲಿದ್ದವನಿಗೆ ಇನ್ನೂ ಸರಿಯಾಗಿ ಮೀಸೆಯೂ ಬಂದಿರಲಿಲ್ಲ.

ನಮ್ಮ ಬಾಗಲಕೋಟೆ ಕಡೆ ಹಿರಿಯರಿಗೆ ಎಡೆ ಎಂದರೆ ಹೋಳಿಗೆ, ಕಟ್ಟಿನ ಸಾರು. ಇಲ್ಲಿ, ಹಾಸನದ ಪಕ್ಕದ ದುದ್ದದಲ್ಲಿ, ಪಿತೃಪಕ್ಷ ಬಂತೆಂದರೆ ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವೋ ಅದನ್ನೆಲ್ಲ ಇಡುತ್ತಾರೆ. ಅಜ್ಜನಿಗೆ ಬೀಡಿ ಇಡಲಿ, ಯಾರು ಬೇಡವೆಂದರು? ಇಪ್ಪತ್ತರ ಹುಡುಗನಿಗೆ ಬ್ರಾಂದಿ ಇಟ್ಟದ್ದು ನೋಡಿ ಮಾತ್ರ ನನ್ನ ಮೈ ಜುಂ ಎಂದಿತು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕೆಲಸ ಸಿಕ್ಕಿದ್ದು ಹಾಸನದಲ್ಲಿ, ಅರಕಲಗೂಡಿನ ರೂಟು. ಒಂಟಿ ಹೆಂಗಸಿಗೆ ಮನೆ ಕೊಡಲು ಪೇಟೆಯಲ್ಲಿ ಮೀನಮೇಷ ಎಣಿಸಿದವರೇ ಎಲ್ಲ. ದುದ್ದದ ಜಯಮ್ಮ ಮಾತ್ರ "ಬಾ ಕಣವ್ವಾ, ನಂಗೂ ಜೊತೆಯಾಯ್ತದೆ" ಎಂದು ಹಿಂದಿನ ಕೋಣೆ ಬಿಟ್ಟುಕೊಟ್ಟರು. ಇಲ್ಲಿ 'ಒಸಿ' ಎಂದರೆ ಸ್ವಲ್ಪ ಎಂದು ನಾನು ಕಲಿಯುವ ಹೊತ್ತಿಗೆ ಅರಕಲಗೂಡಿನ ಅರ್ಧ ಬಸ್ಸು ನನ್ನ 'ಎಲ್ಲಿಗ್ರೀ'ಗೆ ನಕ್ಕಾಗಿತ್ತು. ನುಂಗಬೇಕಾದ ಮುದ್ದೆಯನ್ನು ನಾನು ರೊಟ್ಟಿಯ ಹಾಗೆ ಅಗಿಯುವುದನ್ನು ನೋಡಿ ಜಯಮ್ಮನ ಕಿರಿಮಗ ಮಧುವೂ ನಗುತ್ತಿದ್ದ. ಹದಿನೆಂಟರ ಆ ಹುಡುಗ ನಗುತ್ತಿದ್ದದ್ದು ಅದೊಂದಕ್ಕೇ. ಎಷ್ಟೋ ದಿನ ಕಾಲೇಜಿಗೆ ಹೋಗದೆ ಹಾಸನದಲ್ಲಿ ನನ್ನ ಬಸ್ಸು ಹತ್ತಿ, ಅರಕಲಗೂಡಿನವರೆಗೂ ಕಿಟಕಿಗೆ ತಲೆ ಆನಿಸಿ ಕುಳಿತು, ಅದರಲ್ಲೇ ವಾಪಸ್ಸು ಬರುತ್ತಿದ್ದ.

ಅವನ ಅಣ್ಣ ಲೋಕೇಶ ತೀರಿಕೊಂಡದ್ದು ಅದೇ ರಸ್ತೆಯಲ್ಲಿ, ಬೈಕು ಮರಕ್ಕೆ ಹೊಡೆದು. ಕುಡಿದಿದ್ದ ಎಂದರು, ಅಲ್ಲಿಗೆ ಎಲ್ಲರ ಪ್ರಶ್ನೆಯೂ ಮುಗಿಯಿತು. ಅದಕ್ಕೂ ಮುಂಚೆ ಅವನು ತಿಂಗಳುಗಟ್ಟಲೆ ಮಾತಿಲ್ಲದೆ, ಸರಿಯಾಗಿ ಉಣ್ಣದೆ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದನೆಂದು ಜಯಮ್ಮ ನನಗೆ ಹೇಳಿದ್ದರು. ಕುಡಿತ ಬಂದದ್ದು ಆಮೇಲೆ.

ಎಡೆ ಇಟ್ಟ ಮೇಲೆ, ಹೋದವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಹಾಕಿ ಮನೆಯವರು ಹೊರಗೆ ಕೂರುತ್ತಾರೆ. ಕಳೆದ ವರ್ಷ ನಾನೂ ಜಯಮ್ಮನ ಜೊತೆ ಕೂತೆ. ಮಧು ಕಾಣಲಿಲ್ಲ. ಒಳಗೆ ಏನೋ ಸರಿದ ಸದ್ದಾಗಿ ನನ್ನ ಕೈಯ ರೋಮವೆಲ್ಲ ಎದ್ದು ನಿಂತವು. ಬಾಗಿಲು ತೆಗೆದರೆ ಶೀಸೆ ಅರ್ಧಕ್ಕೆ ಇಳಿದಿತ್ತು.

"ಬಂದಿದ್ದ ಕಣವ್ವಾ! ಓದ್ ವರ್ಸಾನೂ ಇಂಗೇ ಬಂದಿದ್ದ ನನ್ ಮಗ!" ಜಯಮ್ಮ ನನ್ನ ಕೈ ಹಿಡಿದು ಅತ್ತರು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಕೋಣೆಗೆ ಇನ್ನೊಂದು ಬಾಗಿಲಿದೆ, ಕೊಟ್ಟಿಗೆಯ ಕಡೆಗೆ. ನಾನು ಹಿತ್ತಲಿಗೆ ಹೋದಾಗ ಮಧು ಕೊಟ್ಟಿಗೆಯ ಗೋಡೆಗೆ ಒರಗಿ ಕುಳಿತಿದ್ದ. ಹತ್ತಿರ ಹೋದರೆ ಬ್ರಾಂದಿಯ ವಾಸನೆ.

"ಏನಪಾ, ನೀನ ಕುಡ್ದಿ ಏನು?"

"ಅವ್ವಂಗೆ ಯೋಳ್ಬ್ಯಾಡಿ ಅಕ್ಕ. ಅಣ್ಣ ಬತ್ತಾನೆ ಅಂತ ಕಾಯ್ತಾಳೆ."

"ಅವ್ವನ ಸಲುವಾಗಿ ಕುಡ್ದಿ?"

ಅವನು ಅಂಗೈಯಿಂದ ಬಾಯಿ ಒರೆಸಿಕೊಂಡ. "ಮೊದ್ಲು ಅಂಗೇ ಸುರೂ ಆಗಿದ್ದು. ಈಗ ದಿನಾ ಬೇಕು. ಕುಡುದ್ರೆ ಒಸಿ ಅಗುರಾಯ್ತದೆ. ಬೆಳಿಗ್ಗೆ ಎದ್ರೆ ಇನ್ನೂ ಭಾರ. ಆ ಮರ ಕಂಡ್ರೆ ಅಣ್ಣ ಕರುದಂಗಾಯ್ತದೆ."

ನಮ್ಮೂರಾಗಿದ್ದರೆ ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿ ಏನು ಮಾಡಬೇಕೆಂದು ಕೇಳುತ್ತಿದ್ದೆ. ಇಲ್ಲಿ ನಾನು ಬಾಡಿಗೆಯವಳು. ಹೇಳಿದರೆ ಆ ತಾಯಿಯಿಂದ ಲೋಕೇಶನನ್ನು ಇನ್ನೊಮ್ಮೆ ಕಿತ್ತುಕೊಂಡಂತೆ. ಹೇಳದಿದ್ದರೆ ಇವನೂ ಉಳಿಯುವುದಿಲ್ಲ. ಹಾಲು ಕರೆಯಲು ಬಂದ ಜಯಮ್ಮನಿಗೆ ಅಲ್ಲೇ ಹೇಳಿಬಿಟ್ಟೆ.

"ಅಕ್ಕಾರ, ಬಂದಾವ ಲೋಕೇಶ ಅಲ್ರೀ. ಮಧು."

ಅವರ ಕೈಯಿಂದ ಬಕೆಟ್ಟು ಜಾರಿತು. "ಅಂಗಾರೆ ನನ್ ಮಗ ಬರ್ಲೇ ಇಲ್ವಾ?" ಎಂದರು. ಆಮೇಲೆ ಮಧುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ಇದೇ ಕಣ್ಣು ಕಣವ್ವಾ. ಲೋಕೇಶಂದೂ ಇಂಗೇ ಆಗಿತ್ತು. ನಂಗೆ ಗೊತ್ತಾಗ್ಲಿಲ್ಲ."

ಮರುದಿನವೇ ಮೂವರೂ ಹಾಸನದ ಆಸ್ಪತ್ರೆಗೆ ಹೋದೆವು. ಕುಡಿತಕ್ಕೂ ಮನಸ್ಸಿನ ಆ ಭಾರಕ್ಕೂ ಒಟ್ಟಿಗೇ ಔಷಧಿ ಆಗಬೇಕು, ಒಂದನ್ನು ಬಿಟ್ಟು ಇನ್ನೊಂದು ಹೋಗುವುದಿಲ್ಲ ಎಂದರು ಡಾಕ್ಟರು. ಮಧು ಮಾತ್ರೆ ನುಂಗಿದ, ಕುಡಿತ ಬಿಟ್ಟ, ನಡುವೆ ಮತ್ತೆ ಕುಡಿದ, ಮತ್ತೆ ಕರೆದುಕೊಂಡು ಹೋದೆವು. ವಾಸಿಯಾಯಿತೆಂದು ಬರೆಯುವ ಧೈರ್ಯ ನನಗಿನ್ನೂ ಇಲ್ಲ. ಆ ಮರ ದಾಟುವಾಗ ಈಗ ನಾನು ಕಿಟಕಿಯಿಂದ ಮುಖ ತಿರುಗಿಸುತ್ತೇನೆ.

ಈ ವರ್ಷ ಅಮಾವಾಸ್ಯೆಗೆ ಬಾ, ಅಪ್ಪನಿಗೆ ಎಡೆ ಇಡಬೇಕು ಎಂದು ನನ್ನವ್ವ ಫೋನ್ ಮಾಡಿದಳು. ರಜೆಯೂ ಸಿಕ್ಕಿತ್ತು. ಆ ದಿನ ಮಧುವನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಜಯಮ್ಮ ಲೋಕೇಶನ ಎಲೆಯ ಪಕ್ಕ ಶೀಸೆಯ ಬದಲು ಬಿಸಿ ಹಾಲಿನ ಲೋಟ ಇಟ್ಟರು. ಚಿಕ್ಕವನಿದ್ದಾಗ ಅವನು ಡೈರಿಗೆ ಒಯ್ಯುವ ಹಾಲನ್ನು ದಾರಿಯಲ್ಲೇ ಕುಡಿದು ಬೈಸಿಕೊಳ್ಳುತ್ತಿದ್ದನಂತೆ. ಎರಡೂ ಬಾಗಿಲು ಹಾಕಿ ಕೂತೆವು, ಮಧು ನಮ್ಮಿಬ್ಬರ ನಡುವೆ. ಒಳಗೆ ಸದ್ದಿಲ್ಲ. ಬರುವುದಿಲ್ಲ ಎಂದು ಹೇಳಿದ್ದರೂ ಅವ್ವ ಅಲ್ಲಿ ಅಪ್ಪನ ಮುಂದೆ ಹೋಳಿಗೆ ಇಟ್ಟು ನನ್ನ ದಾರಿ ಕಾಯುತ್ತಿರುತ್ತಾಳೆ ಎನಿಸಿತು. ಆ ಮನೆಗೆ ಬಾರದವಳು ನಾನೇ.

ಬಾಗಿಲು ತೆಗೆದಾಗ ಲೋಟ ತುಂಬಿಯೇ ಇತ್ತು. ಜಯಮ್ಮ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಎತ್ತಿ ಮಧುವಿನ ಕೈಗಿಟ್ಟರು.

"ಆರೋಯ್ತದೆ. ನೀನ್ ಕುಡಿ ಮಗಾ."