ಟಾಕೀಸಿಗಿಂತ ಮೊದಲು ಬಂದ ಜನ

ಅವರ ಪ್ಯಾಂಟಿನ ಎರಡೂ ಕಾಲಿಗೆ ಸೈಕಲ್ ಕ್ಲಿಪ್ ಇರುತ್ತಿತ್ತು. ಸೈಕಲ್ ಇರಲಿಲ್ಲ. ಹೊಡೆಯಲು ಬರುತ್ತಲೂ ಇರಲಿಲ್ಲ. ಸಾಗರದ ಪೇಟೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ನನಗೆ ಇದು ದಿನಾ ಕಣ್ಣಿಗೆ ಚುಚ್ಚುವ ವಿಷಯ. ಒಂದು ದಿನ ಕೇಳಿಯೇಬಿಟ್ಟೆ. ರಸ್ತೆಯಲ್ಲಿ ನಿಂತವನ ಬಟ್ಟೆ ಯಾರ ಚಕ್ರಕ್ಕೆ ಬೇಕಾದರೂ ಸಿಕ್ಕೀತು, ಚಕ್ರ ನನ್ನದೇ ಆಗಿರಬೇಕು ಅಂತ ಏನೂ ಇಲ್ಲವಲ್ಲ ಅಂದರು. ಇದು ತಮಾಷೆಯೋ ನಿಜವೋ ಎಂದು ಯೋಚಿಸುತ್ತ ನಾನು ಕೈಯಲ್ಲಿದ್ದ ಟ್ಯೂಬಿನ ಪಂಚರ್ ಮುಚ್ಚುವ ಬದಲು ಇನ್ನೊಂದು ತೂತು ಮಾಡಿದೆ.

ಕಟ್ಟಡ ಕಟ್ಟಲು ಅರ್ಜಿ ಹಾಕಿದವರ ಜಾಗ ನೋಡಿ ಷರಾ ಬರೆಯುವ ಓವರ್ಸಿಯರ್ ಅವರು. ಹುಟ್ಟಿದ್ದು ಹೊಸನಗರದ ಕಡೆ. ಬೇರೆ ಓವರ್ಸಿಯರುಗಳು ಬಂದರೆ ಪಾಯ ನೋಡಿ, ಗೋಡೆ ಅಳೆದು, ಕಾಫಿ ಕುಡಿದು ಹೋಗುತ್ತಿದ್ದರು. ಇವರು ಜಾಗಕ್ಕೆ ಬೆನ್ನು ಹಾಕಿ ರಸ್ತೆ ನೋಡುತ್ತ ನಿಂತುಬಿಡುತ್ತಿದ್ದರು. ಮನೆ ಕಟ್ಟಿಸುವವನನ್ನು ಕರೆದು, ನಿಮಗೆ ಮದುವೆಯಾಗದ ಹೆಣ್ಣುಮಕ್ಕಳು ಇದ್ದಾರಾ ಅಂತ ಕೇಳುತ್ತಿದ್ದರು. ಆತ ಪಾಪ, ಇವರು ಯಾರೋ ಗಂಡಿನ ಕಡೆಯವರು ಎಂದುಕೊಂಡು ಜಾತಕ ತರಲು ಒಳಗೆ ಓಡುತ್ತಿದ್ದ. ಇವರಿಗೆ ಬೇಕಾಗಿದ್ದು ದಿಬ್ಬಣದ ಗಾಡಿಗಳು ಎಲ್ಲಿ ತಿರುಗುತ್ತವೆ ಅನ್ನುವುದು. ಹಿಟ್ಟಿನ ಗಿರಣಿ ಇಡಲು ಹೊರಟವನ ಹತ್ತಿರ ಯಂತ್ರದ ಸುದ್ದಿಯೇ ಇಲ್ಲ. ಡಬ್ಬ ಹಿಡಿದು ಬಂದ ಹೆಂಗಸರು ಎಲ್ಲಿ ಕಾಯುತ್ತಾರೆ, ಮಳೆ ಬಂದರೆ ಯಾರ ಜಗಲಿ ಹತ್ತುತ್ತಾರೆ, ಅಷ್ಟೇ ವಿಚಾರಣೆ. ಆ ಗಿರಣಿಯವನ ಕಿವಿಯಲ್ಲಿ ನಾನು, ಓವರ್ಸಿಯರ್ರು ಸೀರೆ ಉಟ್ಟು ಬಂದು ಸಾಲಿನಲ್ಲಿ ನಿಂತು ಪರೀಕ್ಷೆ ಮಾಡುತ್ತಾರಂತೆ ಅಂತ ಊದಿಟ್ಟಿದ್ದೆ. ಗಿರಣಿ ಶುರುವಾದ ದಿನ ಆತ ಬಂದ ಹೆಂಗಸರಲ್ಲಿ ಎತ್ತರವಾಗಿದ್ದವರನ್ನೆಲ್ಲ ಸಾಹೇಬ್ರೇ ಸಾಹೇಬ್ರೇ ಅಂತ ಕರೆದು ಉಗಿಸಿಕೊಂಡ. ಇಂಥ ಕಿತಾಪತಿಯಲ್ಲಿ ಆಗ ನನ್ನನ್ನು ಮೀರಿಸುವವರು ತೀರ್ಥಹಳ್ಳಿಯವರೆಗೆ ಯಾರೂ ಇರಲಿಲ್ಲ. ಅಲ್ಲಿಂದಾಚೆ ನಾನು ವಿಚಾರಿಸಿಲ್ಲ.

ಆ ವರ್ಷಗಳಲ್ಲಿ ಸಾಗರ ಉಬ್ಬುತ್ತಿತ್ತು. ಶರಾವತಿಯ ನೀರು ನಿಂತು ಊರು ಕಳೆದುಕೊಂಡವರಲ್ಲಿ ಎಷ್ಟೋ ಜನ ಪೇಟೆಗೆ ಬಂದಿದ್ದರು. ಹೊಸ ಮನೆ, ಹೊಸ ಹೋಟೆಲು, ಹೊಸ ಮಂಡಿ. ರಸ್ತೆ ಮಾತ್ರ ಎರಡು ಎತ್ತಿನಗಾಡಿ ಎದುರಾದರೆ ಎತ್ತುಗಳೇ ಮಾತಾಡಿ ತೀರ್ಮಾನಿಸಿಕೊಳ್ಳಬೇಕಾದಷ್ಟು ಅಗಲ. ಅಂಥ ಒಂದು ರಸ್ತೆಯ ಮೂಲೆಯಲ್ಲಿ, ಹೊಸನಗರದ ಬಸ್ಸು ತಿರುಗುವ ಕಡೆ, ನನ್ನ ಮರದ ಗೂಡಂಗಡಿ. ಜಾಗ ಸರ್ಕಾರದ್ದು, ಧೈರ್ಯ ನನ್ನದು. ಎದುರಿಗೆ ಅಡಿಕೆ ಮಂಡಿಯ ಸಾಹುಕಾರರ ದೊಡ್ಡ ಖಾಲಿ ನಿವೇಶನ. ಸಂಜೆ ಓವರ್ಸಿಯರ್ರು ನನ್ನ ಬೆಂಚಿನ ಮೇಲೆ ಕೂತು ರಸ್ತೆ ನೋಡುತ್ತಿದ್ದರು, ಬೇರೆಯವರು ಹೊಳೆ ನೋಡಿದ ಹಾಗೆ.

ಒಂದು ದಿನ ಸಾಹುಕಾರರು ಆ ನಿವೇಶನದಲ್ಲಿ ಟಾಕೀಸು ಕಟ್ಟುತ್ತಾರೆ ಅನ್ನುವ ಸುದ್ದಿ ಬಂತು. ನಾನು ಹಿಗ್ಗಿಹೋದೆ. ಸಿನಿಮಾಕ್ಕೆ ಬರುವವರಿಗೆ ಸೈಕಲ್ ಬೇಕು, ಬಂದವರ ಸೈಕಲ್ ಕಾಯಲು ಒಬ್ಬ ಬೇಕು, ಆ ಒಬ್ಬ ಎದುರಿಗೇ ಇದ್ದಾನೆ. ಇನ್ನಷ್ಟು ಸೈಕಲ್ ತರಿಸುವ ಲೆಕ್ಕದಲ್ಲಿದ್ದಾಗ ಓವರ್ಸಿಯರ್ರು ಬಂದು ಕೂತರು.

"ಸೈಕಲ್ ಆಮೇಲೆ ತರ್ಸು. ಟಾಕೀಸು ಬಂದ್ರೆ ಮೊದ್ಲು ಹೋಗೂದು ನಿನ್ನ ಅಂಗಡಿ ಮಾರಾಯ" ಅಂದರು.

"ಎಂತಕ್ಕೆ ಸಾರ್?"

"ಆಟ ಬಿಡ್ತು ಅಂತ ಇಟ್ಕ. ಒಳಗಿದ್ದೋರೆಲ್ಲ ಒಂದೇ ಸಲ ಈ ಮೂಲೆಗೆ ಬರ್ತಾರೆ. ಅದೇ ಹೊತ್ತಿಗೆ ಹೊಸನಗರದ ಬಸ್ಸು ತಿರುಗ್ತದೆ. ಜಾಗ ಬೇಕಲ್ಲ. ಇಲ್ಲಿ ಜಾಗ ಅಂದ್ರೆ ಯಾವ್ದು? ನೀ ಕೂತಿದ್ದು."

ಹಾಗಾದರೆ ಟಾಕೀಸು ಬೇಡ ಅಂತ ಬರೆಯಿರಿ ಅಂದೆ. ಊರಿಗೆ ಟಾಕೀಸು ಬೇಡ ಅನ್ನಲು ನಾನು ಯಾರು ಅಂದರು. ಆ ರಾತ್ರಿ ಊಟಕ್ಕೆ ಕೂತು ಹೆಂಡತಿಗೆ ವಿವರಿಸಿದೆ. ಟಾಕೀಸು ಬಂದರೆ ಗಿರಾಕಿ ಇರುತ್ತಾರೆ, ಅಂಗಡಿ ಇರುವುದಿಲ್ಲ. ಬರದಿದ್ದರೆ ಅಂಗಡಿ ಇರುತ್ತದೆ, ಗಿರಾಕಿ ಈಗಿದ್ದಷ್ಟೇ. ಅವಳು ಎಲ್ಲ ಕೇಳಿಸಿಕೊಂಡು, ಈಗ ನಾವು ದೇವರಲ್ಲಿ ಏನಂತ ಬೇಡಿಕೊಳ್ಳಬೇಕು ಅಂದಳು.

ಉಳಿದದ್ದು ಒಂದೇ ದಾರಿ. ನಿವೇಶನದ ಹಿಂದೆ ಅಗಲವಾದ ಒಂದು ಓಣಿ ಖಾಲಿ ಬಿದ್ದಿತ್ತು. ಗೇಟು ಆ ಕಡೆ ಇಟ್ಟರೆ ಜನ ಅತ್ತಲೇ ಹೋಗುತ್ತಾರೆ, ಮೂಲೆ ಹೀಗೇ ಇರುತ್ತದೆ, ನಾನೂ ಇರುತ್ತೇನೆ. ಓವರ್ಸಿಯರ್ರು ಸಾಹುಕಾರರಿಗೆ ಹಾಗೇ ಹೇಳಿದರು. ಸಾಹುಕಾರರ ಪುರೋಹಿತರು ಬಾಗಿಲು ಪೂರ್ವಕ್ಕೇ, ಅಂದರೆ ನನ್ನ ಅಂಗಡಿಯ ಕಡೆಗೇ ಇರಬೇಕು ಅಂದಿದ್ದರಂತೆ. ಹಿಂದಿನ ಬಾಗ್ಲಿಂದ ಜನ ಕರೆಸಲಿಕ್ಕೆ ನಾನೇನು ಕದ್ದ ಮಾಲು ಮಾರ್ತೀನಾ ಅಂತ ಸಾಹುಕಾರರು ಎದ್ದುಹೋದರು.

ಆಗ ಓವರ್ಸಿಯರ್ರಿಗೆ ಹೊಳೆದದ್ದು ರಿಹರ್ಸಲ್. ಊರಿನ ಹವ್ಯಾಸಿ ನಾಟಕಗಳಿಗೆ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವವರು ಅವರೇ. ನಾಟಕಕ್ಕೆ ತಾಲೀಮು ಮಾಡುತ್ತೇವೆ, ಇಡೀ ಊರು ಪಾತ್ರ ಮಾಡುವ ಟಾಕೀಸಿಗೆ ಬೇಡವಾ ಅಂದರು. ಸುಣ್ಣದ ಪುಡಿಯಲ್ಲಿ ಗೋಡೆ ಎಳೆಯುವುದು, ಅಡಿಕೆ ದಬ್ಬೆಯ ಬೇಲಿ ಕಟ್ಟುವುದು, ಜನರನ್ನು ಒಳಗೆ ಕೂರಿಸಿ ಒಂದು ಸಲ ಮುಂದಿನ ಗೇಟಿನಿಂದ, ಇನ್ನೊಂದು ಸಲ ಹಿಂದಿನ ಓಣಿಯಿಂದ ಬಿಡುವುದು. ಯಾವುದು ಸಲೀಸೋ ಅದು. ಕೇಳಿದವರೆಲ್ಲ ನಕ್ಕರು. ಸಾಹುಕಾರರು ಮಾತ್ರ ಪುಕ್ಕಟೆ ಪ್ರಚಾರ ಅಂತ ಒಪ್ಪಿದರು.

ಜನ ಸೇರಿಸುವ ಕೆಲಸ ನನ್ನದು. ಖಾಲಿ ಬಯಲಲ್ಲಿ ಸುಣ್ಣದ ಗೆರೆ ನೋಡಲು ಯಾರು ಬರುತ್ತಾರೆ ಹೇಳಿ? ಅದಕ್ಕೇ ಸೈಕಲ್ ಮೇಲೆ ತಗಡಿನ ಕೊಳವೆ ಹಿಡಿದು ಇಕ್ಕೇರಿಯವರೆಗೂ ಹೋಗಿ, ಬಂದವರಿಗೆಲ್ಲ ಸಾಹುಕಾರರು ಮೊದಲನೇ ಆಟದ ಟಿಕೆಟು ಧರ್ಮಕ್ಕೆ ಕೊಡುತ್ತಾರೆ ಅಂತ ಸಾರಿದೆ. ಸಾಹುಕಾರರಿಗೆ ಈ ವಿಷಯ ಗೊತ್ತಿರಲಿಲ್ಲ. ನನ್ನ ಲೆಕ್ಕ ಸರಳ: ಜನ ಎಷ್ಟು ಹೆಚ್ಚೋ ಮುಂದಿನ ಗೇಟು ಅಷ್ಟು ಕಟ್ಟಿಕೊಳ್ಳುತ್ತದೆ, ಹಿಂದಿನ ಓಣಿ ಗೆಲ್ಲುತ್ತದೆ.

ಜನ ಬಂದರು ನೋಡಿ, ಜಾತ್ರೆಯೇ ನಾಚಬೇಕು. ಆದರೆ ಸಾಹುಕಾರರೂ ಸುಮ್ಮನಿರುವ ಆಸಾಮಿಯಲ್ಲ. ಹೇಗೂ ಜನ ಸೇರುತ್ತಾರಲ್ಲ ಅಂತ ಅಪ್ಪಣೆ ಸಿಗುವ ಮೊದಲೇ ಅವತ್ತೇ ಗುದ್ದಲಿ ಪೂಜೆ ಇಟ್ಟುಕೊಂಡಿದ್ದರು. ಮುಂದಿನ ಗೇಟಿಗೆ ಮಾವಿನ ತೋರಣ, ಒಳಗೆ ಊದುಬತ್ತಿಯ ಹೊಗೆ, ಅರಿಸಿನ ಕುಂಕುಮ. ಮೊದಲು ಬಂದವನು ತೋರಣ ನೋಡಿ ಚಪ್ಪಲಿ ಕಳಚಿಟ್ಟು ಒಳಗೆ ಹೋದ. ಅವನನ್ನು ನೋಡಿ ಹಿಂದಿನವನು. ಆಮೇಲೆ ಎಲ್ಲರೂ. ಒಬ್ಬ ಅಜ್ಜಿ ಬಿಳೀ ಪರದೆ ಬರಬೇಕಾದ ಜಾಗಕ್ಕೆ ಅಡ್ಡಬಿದ್ದು ಕೆನ್ನೆ ತಟ್ಟಿಕೊಂಡಳು.

ಓವರ್ಸಿಯರ್ರು ಸೀಟಿ ಊದಿದರು. ಮೊದಲು ಮುಂದಿನ ಗೇಟು. ಎಲ್ಲರೂ ಬಂದು ಚಪ್ಪಲಿ ರಾಶಿಯ ಮುಂದೆ ನಿಂತರು. ನನ್ನದೆಲ್ಲಿ, ಇದು ನಿನ್ನದಾ, ಒಂದೇ ಸಿಕ್ಕಿತು. ಬಸ್ಸು ಬಂದು ನಿಂತಿತು. ನನಗೆ ಒಳಗೊಳಗೇ ಹಬ್ಬ. ಬಸ್ಸನ್ನು ಹೇಗೋ ದಾಟಿಸಿ, ಜನರನ್ನು ಮತ್ತೆ ಒಳಗೆ ಕರೆದರು. ತೋರಣ ಅಲ್ಲೇ ಇತ್ತಲ್ಲ, ಮತ್ತೆ ಚಪ್ಪಲಿ ಬಿಟ್ಟೇ ಹೋದರು. ಈಗ ಸೀಟಿ ಹಿಂದಿನ ಓಣಿಗೆ. ಜನ ನೀರಿನಂತೆ ಹರಿದುಹೋದರು. ಸಾಹುಕಾರರ ಮುಖ ಸಣ್ಣದಾಯಿತು. ನಾನು ಅಂಗಡಿಯೊಳಗೆ ಕೂತು ಸಿಳ್ಳೆ ಹಾಕಿದೆ.

ಓಣಿಗೆ ಇಳಿದವರು ಮನೆಗೆ ಹೋಗಬೇಕಲ್ಲ? ಬರಿಗಾಲಲ್ಲಿ ಹೇಗೆ ಹೋಗುತ್ತಾರೆ? ಇಡೀ ಗುಂಪು ಓಣಿ ಸುತ್ತಿಕೊಂಡು ಓಡುತ್ತ ನನ್ನ ಮೂಲೆಗೇ ಬಂತು. ಚಪ್ಪಲಿ ಇಲ್ಲದವರು ಚಪ್ಪಲಿ ಇದ್ದವರ ಜೊತೆಗೆ ಬಂದವರು, ಹಾಗಾಗಿ ಅವರೂ ಬಂದರು. ಇನ್ನೊಂದಷ್ಟು ಜನ ಟಿಕೆಟ್ ಎಲ್ಲಿ ಅಂತ ನನ್ನನ್ನೇ ಕೇಳುತ್ತ ಬಂದರು. ಇನ್ನೊಂದು ಬಸ್ಸು ಬಂತು. ಅತ್ತ ಇಲ್ಲ, ಇತ್ತ ಇಲ್ಲ. ಬಸ್ಸಿನ ಡ್ರೈವರ್ ಇಳಿದು, ಈ ಡಬ್ಬ ಎತ್ರೋ ಅಂದ. ಡಬ್ಬ ಅಂದರೆ ನನ್ನ ಅಂಗಡಿ. ನಾನು ಒಳಗಿದ್ದೇನೆ ಅಂತ ಹೇಳುವಷ್ಟರಲ್ಲಿ ಎತ್ತಿಯೇಬಿಟ್ಟರು. ಟ್ಯೂಬು, ಪಂಪು, ನಾನು, ಎಲ್ಲ ಒಟ್ಟಿಗೆ ತೋರಣದ ಕೆಳಗಿಂದ ಹಾದು ಸಾಹುಕಾರರ ನಿವೇಶನದ ಹಿಂದಿನ ತುದಿಯಲ್ಲಿ ಇಳಿದೆವು. ಮದುವೆಯ ದಿನವೂ ನನ್ನನ್ನು ಯಾರೂ ಹಾಗೆ ಹೊತ್ತಿರಲಿಲ್ಲ. ಅಂಗಡಿ ಹೋದ ಕೂಡಲೇ ಬಸ್ಸು ಬೆಣ್ಣೆಯಲ್ಲಿ ಕತ್ತಿ ಆಡಿದ ಹಾಗೆ ತಿರುಗಿ ಹೋಯಿತು. ಇಡೀ ಊರು ನೋಡಿತು.

ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಧರ್ಮದ ಟಿಕೆಟ್ ಸಿಗದೆ ಸಿಟ್ಟಾದ ಜನ ಅಂಗಡಿಯನ್ನು ವಾಪಸು ಎತ್ತಿಕೊಡಲು ಬರಲಿಲ್ಲ. ಸಾಹುಕಾರರು ದಿನಾ ಆಳು ಕಳಿಸಿ, ಖಾಲಿ ಮಾಡು ಅನ್ನುತ್ತಿದ್ದರು. ಓವರ್ಸಿಯರ್ರು ಬೆಂಚು ಹುಡುಕಿಕೊಂಡು ಅಲ್ಲಿಗೇ ಬಂದು ಕೂರುತ್ತಿದ್ದರು. ಅವರದೂ ತಲೆ ಕೆಟ್ಟಿತ್ತು. ನಿಜವಾದ ಟಾಕೀಸಿಗೆ ಬರುವವರು ಚಪ್ಪಲಿ ಬಿಡುವುದಿಲ್ಲ. ಹಾಗಾದರೆ ನಾವು ಅವತ್ತು ನೋಡಿದ್ದು ಏನು? ಇದನ್ನೇ ತಿರುಗಿಸಿ ತಿರುಗಿಸಿ ನನ್ನನ್ನು ಕೇಳುತ್ತಿದ್ದರು. ನನಗೆ ಗೊತ್ತಿದ್ದರೆ ನಾನು ಓವರ್ಸಿಯರ್ ಆಗುತ್ತಿರಲಿಲ್ಲವಾ?

ಒಂದು ಸಂಜೆ ಒಬ್ಬ ಗಿರಾಕಿ ತನ್ನ ಸೈಕಲ್ಲನ್ನು ಅಂಗಡಿಗೆ ಒರಗಿಸಿ ಪೇಟೆಗೆ ಹೋದ. ಸಾಮಾನು ಹೊತ್ತು, ಸುತ್ತಿಬಳಸಿ, ಅದೇ ಸೈಕಲ್ ಹತ್ತಿರಕ್ಕೇ ಬಂದ. ಓವರ್ಸಿಯರ್ರು ಅವನು ಹೋಗುವವರೆಗೂ ನೋಡಿದರು.

"ಚಪ್ಲಿ ಬಿಡೂದಿಲ್ಲ, ಸರಿ. ಸೈಕಲ್ ಬಿಡ್ತಾರಲ. ಗಾಡಿ ಬಿಡ್ತಾರಲ. ಬಿಟ್ಟಲ್ಲಿಗೇ ಅಲ್ವನಾ ಹೋಗೂದು?" ಅಂದರು.

ಷರಾ ಹೀಗಾಯಿತು: ಬಾಗಿಲು ಪುರೋಹಿತರು ಹೇಳಿದಂತೆ ಪೂರ್ವಕ್ಕೇ ಇರಲಿ. ಸೈಕಲ್ಲು, ಗಾಡಿ ನಿಲ್ಲಿಸುವ ಜಾಗ ಕಾಂಪೌಂಡಿನ ಒಳಗೆ, ಹಿಂದಿನ ಓಣಿಯ ಕಡೆ. ಅಲ್ಲಿಂದ ಓಣಿಗೆ ದಾರಿ. ಮೂಲೆ ಖಾಲಿ ಇರಬೇಕು. ಮೂಲೆ ಬಿಟ್ಟು ಏಳಬೇಕಾದವನಿಗೇ ಆ ಸ್ಟ್ಯಾಂಡು ಕೊಡಬೇಕು. ಸಾಹುಕಾರರು ನನ್ನ ಎದುರಿಗೇ ಓವರ್ಸಿಯರ್ರ ಜೊತೆ ಜಗಳಕ್ಕೆ ಬಂದರು. ಅಷ್ಟು ಜಾಗ ಬಿಡುವುದು ಅವರಿಗೆ ಸಣ್ಣ ಮಾತಲ್ಲ. ಕೊನೆಗೆ ಅದಕ್ಕೂ ಒಪ್ಪಿದರು.

"ಜಾಗ ಬಿಡ್ತೀನಿ. ಈ ಪೋಕರಿ ಮಾತ್ರ ನನ್ನ ಕಾಂಪೌಂಡೊಳಗೆ ಬ್ಯಾಡ."

"ಹೊರಗಿದ್ರೆ ನಿಮ್ಮ ಹೆಸ್ರಲ್ಲಿ ಧರ್ಮದ ಟಿಕೆಟ್ ಸಾರ್ತಾನೆ ಸಾಹುಕಾರ್ರೆ. ಒಳಗಿದ್ರೆ ದುಡ್ಡು ಕೊಡೋರ್ನ ಕರೀತಾನೆ. ಎಲ್ಲಿರ್ಬೇಕು ನೀವೇ ಹೇಳಿ."

ಟಿಕೆಟಿನ ಕಿತಾಪತಿ ಓವರ್ಸಿಯರ್ರಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಾಗಿದ್ದು ಆಗ. ಷರಾದಲ್ಲಿ ಒಂದು ಸಾಲು ತೆಗೆದರೂ ಉಳಿದದ್ದಕ್ಕೆ ಸಹಿ ಇಲ್ಲ ಅಂತ ಪಟ್ಟು ಹಿಡಿದರು. ಸಾಹುಕಾರರು ನನ್ನನ್ನೂ ಷರಾವನ್ನೂ ಒಟ್ಟಿಗೆ ಒಪ್ಪಿಕೊಂಡರು.

ಟಾಕೀಸು ಮುಗಿಯುವ ಮೊದಲೇ ಓವರ್ಸಿಯರ್ರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಇದರ ಹಿಂದೆ ಸಾಹುಕಾರರ ಕೈ ಇತ್ತು ಅಂತ ಕೆಲವರು. ಅವರೇ ಕೇಳಿ ಹಾಕಿಸಿಕೊಂಡರು, ಅಲ್ಲಿ ಹೊಸ ಮಂಡಿಗಳು ಬರುತ್ತಿದ್ದವಲ್ಲ, ಅಂತ ಇನ್ನು ಕೆಲವರು. ನಾನು ಎರಡನ್ನೂ ನಂಬಿದೆ. ಅವರು ಅಷ್ಟೆಲ್ಲ ಮಾಡಿದ್ದು ರಸ್ತೆಗಾಗಿಯೋ ನನಗಾಗಿಯೋ, ಅದೂ ಇವತ್ತಿನವರೆಗೆ ಬಗೆಹರಿದಿಲ್ಲ. ನನ್ನನ್ನು ಎಬ್ಬಿಸಿದವರೂ ಅವರೇ, ಕೂರಿಸಿದವರೂ ಅವರೇ. ಆ ಸ್ಟ್ಯಾಂಡಿನಲ್ಲಿ ನಾನು ಮುದುಕನಾಗುವವರೆಗೆ ಕೂತೆ. ಮಕ್ಕಳ ಓದು, ಮದುವೆ, ಹೆಂಡತಿಯ ಔಷಧ, ಎಲ್ಲ ಅಲ್ಲಿಂದಲೇ.

ಟಾಕೀಸು ಶುರುವಾದ ಮೇಲೆ ಅವರು ಸಾಗರಕ್ಕೆ ಬಂದದ್ದು ಒಂದೇ ಸಲ. ಒಳಗೆ ಆಟ ನಡೆಯುತ್ತಿತ್ತು. ಪುಕ್ಕಟೆ ಕೂರಿಸುತ್ತೇನೆ, ಈ ಸಲ ಟಿಕೆಟು ನಿಜವಾದ್ದು ಅಂದೆ. ನಕ್ಕರು, ಒಳಗೆ ಹೋಗಲಿಲ್ಲ. ಸ್ಟ್ಯಾಂಡಿನಿಂದ ಕಾಣುವ ಹಾಗೆ ಮೂಲೆಯ ರಸ್ತೆಗೆ ಹೋಗಿ ನಿಂತರು. ಮುಂದಿನ ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಅವರು ತೀರಿಕೊಂಡ ಸುದ್ದಿ ಬರುತ್ತದೆ ಅಂತ ಗೊತ್ತಿದ್ದರೆ ಅವತ್ತು ಕೈ ಹಿಡಿದು ಕೂರಿಸಿಕೊಳ್ಳುತ್ತಿದ್ದೆ.

ಆಟ ಬಿಟ್ಟಿತು. ಜನ ಬಾಗಿಲಿಂದ ಹೊರಬಂದು, ಯಾರೂ ಹೇಳದೆ, ನನ್ನ ಕಡೆ ತಿರುಗಿದರು. ಹೊಸನಗರದ ಬಸ್ಸು ಬಂತು, ಒಂದು ಸಲವೂ ಹಾರ್ನ್ ಹಾಕದೆ ಮೂಲೆ ತಿರುಗಿತು. ಓವರ್ಸಿಯರ್ರು ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದರು. ಕಿಟಕಿಯಿಂದ ಇತ್ತ ನೋಡಿದ ಹಾಗಾಯಿತು. ನನ್ನ ಎರಡೂ ಕೈಯಲ್ಲಿ ಯಾರದೋ ಸೈಕಲ್ ಇತ್ತು, ಮುಂದೆ ಸಾಲು ನಿಂತಿತ್ತು. ಕೊನೆಯ ಸೈಕಲ್ ಕೊಟ್ಟು ತಲೆ ಎತ್ತಿದಾಗ ರಸ್ತೆ ಖಾಲಿಯಾಗಿತ್ತು.