ತಂದೆ ಮುಗಿಸುತ್ತಿದ್ದ ಮಾತುಗಳು

ಮೊದಲು ಕೃತಜ್ಞತೆ ಸಲ್ಲಬೇಕಾದಲ್ಲಿ ಸಲ್ಲಲಿ. ಪಂಪಾಪತಿಯ ಪಾದಗಳಿಗೆ ಶರಣು. ಎದುರಿನವರ ಮಾತು ಮುಗಿಯುವವರೆಗೆ ತುಟಿ ತೆರೆಯಬಾರದೆಂದು ಹಂಪಿಯ ಕಲ್ಲುಮಂಟಪದಲ್ಲಿ ಕೂರಿಸಿ ಕಲಿಸಿದ ನನ್ನ ಗುರುಗಳಿಗೆ ಶರಣು. ಆ ಪಾಠ ದೊರೆಯದಿದ್ದರೆ ನಾನೂ ಕಂಪ್ಲಿಯ ಸಾವುಕಾರರಂತೆಯೇ ಆಗುತ್ತಿದ್ದೆನೇನೋ.

ಈ ಸಾವುಕಾರರು ನನಗೆ ದೂರದ ಬಂಧು, ಅಕ್ಕಿ ಗಿರಣಿಯ ಒಡೆಯರು. ಯಾರ ಬಾಯಿಂದ ಅರ್ಧ ಮಾತು ಹೊರಬಿದ್ದರೂ ಉಳಿದರ್ಧವನ್ನು ತಾವೇ ಮುಗಿಸುವುದು ಅವರ ರೂಢಿ. ಅದನ್ನವರು ಚುರುಕುತನವೆನ್ನುತ್ತಿದ್ದರು. ಅವಿವೇಕಕ್ಕೆ ಇಷ್ಟು ಒಳ್ಳೆಯ ಹೆಸರಿಟ್ಟವರನ್ನು ನಾನು ಬೇರೆಡೆ ಕಂಡಿಲ್ಲ. ಒಮ್ಮೆ ಊಟಕ್ಕೆ ಕುಳಿತಾಗ ಅವರ ಮಡದಿ, "ಸಾರಿಗೆ ಉಪ್ಪು..." ಎಂದರು.

"ಕಮ್ಮಿ ಆಗೈತಿ, ಗೊತ್ತಾತು ಬಿಡು."

ಆಕೆ ಹೇಳಹೊರಟಿದ್ದು ಹೆಚ್ಚಾಯಿತೆಂದು. ಸಾವುಕಾರರು ಮೇಲೊಂದು ಚಿಟಿಕೆ ಹಾಕಿಕೊಂಡು, ಮುಖ ಕಿವುಚದೆ ಉಂಡರು.

ಅವರ ಒಬ್ಬನೇ ಮಗ ಪದವೀಧರ, ಮೂವತ್ತು ದಾಟಿದವನು. ಒಮ್ಮೆ ನನ್ನೊಡನೆ ಹೊಸಪೇಟೆಯ ಹೋಟೆಲಿಗೆ ಬಂದಿದ್ದ. ಏನು ಬೇಕೆಂದು ಸಪ್ಲೈಯರ್ ಕೇಳಿದಾಗ "ನನಗ..." ಎಂದವನೇ ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಸಪ್ಲೈಯರ್ ಬೇಸತ್ತು ಹೋದ; ನಾವಿಬ್ಬರೂ ಹಸಿದೇ ಎದ್ದೆವು. ಮಾತನ್ನು ಮುಗಿಸಗೊಡದ ಮನೆಯಲ್ಲಿ ಬುದ್ಧಿಯೂ ಅರ್ಧಕ್ಕೇ ನಿಲ್ಲುತ್ತದೆಂಬುದಕ್ಕೆ ನನಗೆ ಬೇರೆ ಪ್ರಮಾಣ ಬೇಕಾಗಲಿಲ್ಲ.

ಇಂಥವನಿಗೆ ಹೆಣ್ಣು ನೋಡಲು ಸಂಡೂರಿಗೆ ಹೊರಟಾಗ, ಹಿರಿಯನೆಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. ಹುಡುಗಿಯನ್ನು ಅವನು ಬಂಧುಗಳ ಮದುವೆಯೊಂದರಲ್ಲಿ ಕಂಡು ಮೆಚ್ಚಿದ್ದ. "ತಾನಾಗೇ ಇದು ಬೇಕು ಅಂದಿದ್ದು ಇದೊಂದನ್ನ ನೋಡ್ರಿ ಅಜ್ಜಾರ, ಹೆಂಗರ ಮಾಡಿ ಕೂಡಿಸ್ರಿ" ಎಂದು ಅವನ ತಾಯಿ ನನ್ನಲ್ಲಿ ಬೇಡಿಕೊಂಡಿದ್ದರು.

ಹುಡುಗಿಗೆ ಯಶವಂತನಗರದ ಗಣಿ ಕಂಪನಿಯಲ್ಲಿ ಅದಿರು ಪರೀಕ್ಷಿಸುವ ಕೆಲಸ. ಚಹಾ ಕೊಟ್ಟು, ತನ್ನ ಅಜ್ಜಿಯ ಪಕ್ಕದಲ್ಲಿ ಕುಳಿತು, ನೇರವಾಗಿ ಅವನನ್ನೇ ಕೇಳಿದಳು:

"ಮದುವಿ ಆದಮ್ಯಾಲೂ ನಾ ಕೆಲಸ ಬಿಡಂಗಿಲ್ಲರಿ. ನೀವೇನಂತೀರಿ?"

"ನನಗ..."

"ಅವನಿಗೆ ಮನಿ ನೋಡ್ಕೊಳ್ಳೋ ಹುಡುಗಿ ಬೇಕವ್ವ" ಎಂದರು ಸಾವುಕಾರರು.

"ನಾ ಅವರನ್ನ ಕೇಳಿದ್ನಿರಿ."

"ಅವನ ಮನಸ್ಸು ನನಗ ಗೊತ್ತಿಲ್ಲೇನು?"

"ಹಂಗಾರ ತಾಳಿ ಕಟ್ಟೋರು ಯಾರ್ರಿ ಸಾವ್ಕಾರ್ರ, ನೀವೋ ಅವರೋ?"

ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಸಾವುಕಾರರು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಅಂಗೈ ಎತ್ತಿ ತಡೆದೆ. ಮಗ ತಂದೆಯತ್ತ ನೋಡಿದ. ಅಲ್ಲಿಂದ ಏನೂ ಬರಲಿಲ್ಲ. ಆರಿದ ಚಹಾದ ಲೋಟವನ್ನು ಕೆಳಗಿಟ್ಟು ತಾನೇ ಹೇಳಿದ:

"ನನಗ... ಗೊತ್ತಿಲ್ಲರಿ."

"ನಿಮ್ಮ ಮನಸ್ಸು ನಿಮಗಽ ಗೊತ್ತಿಲ್ಲಂದ್ರ ನಾ ಯಾರ ಜೋಡಿ ಬಾಳ್ವಿ ಮಾಡ್ಲಿ? ತಪ್ಪು ತಿಳೀಬ್ಯಾಡ್ರಿ, ನಾ ಒಲ್ಲೆ" ಎಂದು ಆಕೆ ಕೈಮುಗಿದಳು.

ಮರಳುವ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಕಾರು ತೆವಳುತ್ತಿತ್ತು. ಸಾವುಕಾರರಿಗೆ ಅವಮಾನಕ್ಕಿಂತ ಕಂಪ್ಲಿಯ ಜನ ಏನೆಂದಾರೆಂಬ ಚಿಂತೆಯೇ ದೊಡ್ಡದು.

"ಬಾಯಿ ಭಾಳ ಆಕಿದು. ನಾವಽ ಒಲ್ಲೆ ಅಂದ್ವಿ ಅಂತ ಊರಾಗ ಹೇಳಿದ್ರಾತು. ಏನಂತಿಯಲೇ?" ಎಂದು ಮಗನನ್ನು ಕೇಳಿ, ಉತ್ತರವನ್ನೂ ತಾವೇ ಕೊಟ್ಟರು: "ಹೂಂ ಅಂತಾನ."

"ಇಲ್ಲಪ್ಪ" ಎಂದ ಮಗ. "ಆಕಿನಽ ನನ್ನ ಒಲ್ಲೆ ಅಂದ್ಲು. ಕೇಳಿದವರಿಗೆ ನಾ ಹಂಗಽ ಹೇಳತೀನಿ."

ಮೊದಲಿನಿಂದ ಕೊನೆಯವರೆಗೆ ಅವನದೇ ಮಾತು. ಸಾವುಕಾರರು ಬಾಯಿ ತೆರೆದರು. ಸೇರಿಸಲು ಏನೂ ಉಳಿದಿರಲಿಲ್ಲ. ಬೇಕೆಂದದ್ದನ್ನು ಕಳೆದುಕೊಂಡ ಮೇಲೆ ಬಂದ ಆ ಧೈರ್ಯವನ್ನು ಹೊಗಳಲು ನನಗೂ ನಾಲಿಗೆ ಏಳಲಿಲ್ಲ.

ಆ ಮಗಳಿಗೆ, ಕೇಳಿದ್ದಕ್ಕೆ ತಾನೇ ಉತ್ತರಿಸಬಲ್ಲ ಗಂಡು ದೊರೆಯಲಿ. ನಕ್ಕ ಅಜ್ಜಿಯ ಆಯುಸ್ಸು ಬೆಳೆಯಲಿ. ಬೇಡಿಕೊಂಡಿದ್ದ ತಾಯಿಗೆ ಸಮಾಧಾನ ಒದಗಲಿ. ಮಗನಿಗೆ ಎರಡನೆಯ ಮಾತು ಇಷ್ಟು ತಡವಾಗದಿರಲಿ. ಸಾವುಕಾರರಿಗೆ ಭಗವಂತನು ಕಿವಿಗಳನ್ನೇನೋ ಕೊಟ್ಟಿದ್ದಾನೆ. ಅವುಗಳ ಉಪಯೋಗವನ್ನೂ ತಿಳಿಸಿ ಹರಸಲಿ.